ಬೆಂಕಿಪೊಟ್ಟಣದಷ್ಟು ಪರದೆ, 1.99 ಡಾಲರ್ ಬೆಲೆ: ಎನ್‌ಬಿಸಿ ಐಟ್ಯೂನ್ಸ್‌ನಲ್ಲಿ ಇಲ್ಲದಿದ್ದ ಒಂಬತ್ತು ತಿಂಗಳು

2005ರ ಡಿಸೆಂಬರ್ 6, ಮಂಗಳವಾರ. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಆ ರಾತ್ರಿ 'ದಿ ಆಫೀಸ್' ಸೀರಿಯಲ್‌ನ ಕ್ರಿಸ್‌ಮಸ್ ಎಪಿಸೋಡ್ ಬಂತು. ಪೇಪರ್ ಮಾರುವ ಒಂದು ಸಣ್ಣ ಕಂಪನಿ. ಎಲ್ಲರೂ 20 ಡಾಲರ್ ಒಳಗಿನ ಉಡುಗೊರೆ ತರಬೇಕು ಅಂತ ಮಾತಾಗಿರುತ್ತದೆ. ಮ್ಯಾನೇಜರ್ ಮಾತ್ರ 400 ಡಾಲರ್‌ನ ವಿಡಿಯೊ ಐಪಾಡ್, ಅಂದರೆ ಆ್ಯಪಲ್ ಕಂಪನಿಯ ಜೇಬಿನಲ್ಲಿಟ್ಟುಕೊಳ್ಳುವ ಪ್ಲೇಯರ್, ತಂದುಬಿಡುತ್ತಾನೆ. ಆಮೇಲೆ ಆ ಒಂದು ಉಡುಗೊರೆಗಾಗಿ ಇಡೀ ಆಫೀಸು ಕಿತ್ತಾಡುತ್ತದೆ.

ಅದೇ ದಿನ ಆ್ಯಪಲ್ ಒಂದು ಪ್ರಕಟಣೆ ಕೊಟ್ಟಿತು. ಇನ್ನು ಮುಂದೆ ಎನ್‌ಬಿಸಿಯ ಸೀರಿಯಲ್‌ಗಳು ಆ್ಯಪಲ್‌ನ ಆನ್‌ಲೈನ್ ಅಂಗಡಿ ಐಟ್ಯೂನ್ಸ್‌ನಲ್ಲಿ ಸಿಗುತ್ತವೆ. ಒಂದು ಎಪಿಸೋಡಿಗೆ 1.99 ಡಾಲರ್. ಕೊಂಡು, ಇಳಿಸಿಕೊಂಡು, ಅದೇ ವಿಡಿಯೊ ಐಪಾಡಿನಲ್ಲಿ ಎಲ್ಲಿ ಬೇಕಾದರೂ ನೋಡಬಹುದು. 'ದಿ ಆಫೀಸ್' ಕೂಡ ಆ ಪಟ್ಟಿಯಲ್ಲಿತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಎನ್‌ಬಿಸಿಯೂ ಆ್ಯಪಲ್ಲೂ ಜಗಳ ಆಡಿಕೊಂಡು ಬೇರೆಯಾದವು. 2007ರ ಡಿಸೆಂಬರ್‌ನಿಂದ 2008ರ ಸೆಪ್ಟೆಂಬರ್‌ವರೆಗೆ ಎನ್‌ಬಿಸಿಯ ಒಂದು ಎಪಿಸೋಡೂ ಆ ಅಂಗಡಿಯಲ್ಲಿ ಇರಲಿಲ್ಲ. ಈ ಒಂಬತ್ತು ತಿಂಗಳ ಕತೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ದುಡ್ಡು ಕೊಡಲು ತಯಾರಿದ್ದ ಗಿರಾಕಿಯ ಮುಂದೆ ಅಂಗಡಿ ಬಾಗಿಲು ಹಾಕಿದರೆ ಏನಾಗುತ್ತದೆ ಅಂತ ಲೆಕ್ಕ ಸಮೇತ ತೋರಿಸುವ ಪ್ರಕರಣ ಇದು. ಹಾಗೆ ಲೆಕ್ಕ ಸಿಗುವುದು ತುಂಬ ಅಪರೂಪ.

ಮಾರಾಟ ಶುರುವಾದ ಬಗೆ

ಡೌನ್‌ಲೋಡ್ ಮಾಡಿಕೊಳ್ಳುವ ಟಿವಿ ಕಾರ್ಯಕ್ರಮಗಳ ಮಾರಾಟ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು 2005ರ ಅಕ್ಟೋಬರ್ 12ರಂದು. ಜಾಗ, ಸ್ಯಾನ್ ಹೊಸೆಯ ಕ್ಯಾಲಿಫೋರ್ನಿಯಾ ಥಿಯೇಟರ್. ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅಲ್ಲಿ ವಿಡಿಯೊ ತೋರಿಸುವ ಐಪಾಡನ್ನು ಹೊರಗೆ ತಂದರು. ಡಿಸ್ನಿಯ ಬಾಬ್ ಐಗರ್ ವೇದಿಕೆಗೆ ಬಂದರು. ಅವರು ಡಿಸ್ನಿಯ ಸಿಇಒ ಆಗಿ ಆಗಿನ್ನೂ ಎರಡು ವಾರವೂ ಆಗಿರಲಿಲ್ಲ. ಡಿಸ್ನಿಯ ಕೈಯಲ್ಲಿದ್ದ ಎಬಿಸಿ ಮತ್ತು ಡಿಸ್ನಿ ಚಾನೆಲ್‌ಗಳ ಐದು ಸೀರಿಯಲ್‌ಗಳಿಂದ ಅಂಗಡಿ ತೆರೆಯಿತು. 'ಲಾಸ್ಟ್', 'ಡೆಸ್ಪರೇಟ್ ಹೌಸ್‌ವೈವ್ಸ್' ಅದರಲ್ಲಿದ್ದವು. ರಾತ್ರಿ ಟಿವಿಯಲ್ಲಿ ಬಂದ ಎಪಿಸೋಡ್ ಮರುದಿನ ಅಂಗಡಿಯಲ್ಲಿ ಸಿಗುತ್ತಿತ್ತು. ಇಪ್ಪತ್ತು ದಿನದೊಳಗೆ ಹತ್ತು ಲಕ್ಷ ವಿಡಿಯೊ ಮಾರಾಟವಾಯಿತು.

ಆ ಐಪಾಡಿನ ಪರದೆ ಎರಡೂವರೆ ಇಂಚಿನದು. ಅದು ಮೂಲೆಯಿಂದ ಮೂಲೆಗೆ ಅಳೆದ ಲೆಕ್ಕ. ಅಂದರೆ ಎರಡು ಇಂಚು ಅಗಲ, ಒಂದೂವರೆ ಇಂಚು ಎತ್ತರ. ನಮ್ಮ ಬೆಂಕಿಪೊಟ್ಟಣದ ಮುಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಲ್ವಾ? ಚಿತ್ರದಲ್ಲಿ 320 ಅಡ್ಡ, 240 ಉದ್ದ ಚುಕ್ಕಿಗಳು. 30 ಜಿಬಿಯ ಐಪಾಡಿಗೆ 299 ಡಾಲರ್, 60 ಜಿಬಿಯದಕ್ಕೆ 399. ಚಿಕ್ಕದರ ಬ್ಯಾಟರಿ ವಿಡಿಯೊ ನೋಡಿದರೆ ಎರಡು ಗಂಟೆ ಬಾಳುತ್ತದೆ ಅಂತ ಕಂಪನಿಯೇ ಹೇಳಿತ್ತು. ದೊಡ್ಡದು ಮೂರು ಗಂಟೆ.

ಇಷ್ಟು ಪುಟ್ಟ ಪರದೆಯಲ್ಲಿ ಯಾರು ಸೀರಿಯಲ್ ನೋಡುತ್ತಾರೆ ಅಂತ ಆಗ ಕೇಳಿದವರು ತುಂಬ ಜನ. ಅದಕ್ಕೆ ಉತ್ತರ ಬೇಕಾದರೆ ಒಬ್ಬ ನೋಡುಗನನ್ನು ಊಹಿಸಿಕೊಳ್ಳೋಣ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡ ಕನ್ನಡದ ಹುಡುಗ. ಕೆಲಸ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ದಿನಾ ಕ್ಯಾಲ್‌ಟ್ರೇನ್‌ನಲ್ಲಿ ಓಡಾಟ. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ. ಜಾಹೀರಾತು ತೆಗೆದರೆ ಅರ್ಧ ಗಂಟೆಯ ಸೀರಿಯಲ್ ಉಳಿಯುವುದು 22 ನಿಮಿಷ. ಹೋಗುವಾಗ ಎರಡು ಎಪಿಸೋಡ್ ಆರಾಮಾಗಿ ಆಗುತ್ತದೆ, ಬರುವಾಗ ಇನ್ನೆರಡು. ಎರಡು ಗಂಟೆಯ ಬ್ಯಾಟರಿ ಹೋಗಿಬರುವುದಕ್ಕೆ ಸರಿಹೋಗುತ್ತದೆ. ಕಿವಿಗೆ ಇಯರ್‌ಫೋನ್, ಕೈಯಲ್ಲಿ ಐಪಾಡ್. ಆ ಕಾಲದಲ್ಲಿ ರೈಲಿನೊಳಗೆ ಇಂಟರ್‌ನೆಟ್ ನೆಚ್ಚಿಕೊಂಡು ವಿಡಿಯೊ ನೋಡುವ ಮಾತೇ ಇರಲಿಲ್ಲ. ಮನೆಯಲ್ಲಿ ಇಳಿಸಿಕೊಂಡು ಜೇಬಿಗೆ ಹಾಕಿಕೊಂಡದ್ದು ಮಾತ್ರ ಅವನದು.

ಅವನು ಕೊಂಡದ್ದು ಏನನ್ನು ಅಂತ ಸರಿಯಾಗಿ ನೋಡಬೇಕು. ಮುಂದಿನ ಜಗಳವೆಲ್ಲ ಅದರ ಮೇಲೇ ನಿಂತಿದೆ. ಎಪಿಸೋಡನ್ನು ಟಿವಿಯಲ್ಲಿ ಬಿಟ್ಟಿಯಾಗಿ ನೋಡಬಹುದಿತ್ತು. ಎನ್‌ಬಿಸಿ ತನ್ನ ವೆಬ್‌ಸೈಟಿನಲ್ಲೂ ಜಾಹೀರಾತಿನ ಜೊತೆ ಬಿಟ್ಟಿ ತೋರಿಸುತ್ತಿತ್ತು. ಆದರೂ ಅವನು 1.99 ಡಾಲರ್ ಕೊಟ್ಟ. ಆ ದುಡ್ಡು ಕತೆಗಿಂತ ಜಾಸ್ತಿ ಅನುಕೂಲಕ್ಕೆ ಹೋಯಿತು. ಹುಡುಕುವ ಕಷ್ಟ ಇಲ್ಲ. ವೈರಸ್ ಭಯ ಇಲ್ಲ. ಒಂದು ಗುಂಡಿ ಒತ್ತಿದರೆ ಫೈಲು ಬಂದು ಐಪಾಡಿನೊಳಗೆ ಕೂರುತ್ತದೆ. ಮನಸ್ಸಿಗೂ ಹಗುರ, ಕದ್ದು ನೋಡಿದ ಹಾಗೆ ಅನಿಸುವುದಿಲ್ಲ.

ಫೈಲಿಗೆ ಒಂದು ಬೀಗ ಇತ್ತು. ಫೇರ್‌ಪ್ಲೇ ಅಂತ ಅದರ ಹೆಸರು. ಐದು ಕಂಪ್ಯೂಟರ್‌ವರೆಗೆ ಅದು ಓಡುತ್ತಿತ್ತು, ಐಪಾಡಿನಲ್ಲಿ ಓಡುತ್ತಿತ್ತು. ಟಿವಿಗೆ ಹಾಕಿ ನೋಡುವ ಡಿವಿಡಿ ಮಾಡಿಕೊಳ್ಳಲು ಬಿಡುತ್ತಿರಲಿಲ್ಲ. ಬೇರೆ ಕಂಪನಿಯ ಪ್ಲೇಯರ್‌ಗೂ ಹೋಗುತ್ತಿರಲಿಲ್ಲ.

ಒಂದು ಸೀರಿಯಲ್‌ಗೆ ಸಿಕ್ಕ ಉಸಿರು

'ದಿ ಆಫೀಸ್' 2005ರ ಮಾರ್ಚ್‌ನಲ್ಲಿ ಶುರುವಾದಾಗ ಅದಕ್ಕೆ ದೊಡ್ಡ ಹೆಸರೇನೂ ಬರಲಿಲ್ಲ. ಬ್ರಿಟನ್ನಿನ ಬಿಬಿಸಿಯ ಅದೇ ಹೆಸರಿನ ಸೀರಿಯಲ್‌ನಿಂದ ತಂದದ್ದು ಅದು. ಮೊದಲ ಸೀಸನ್‌ನಲ್ಲಿ ಆರೇ ಎಪಿಸೋಡ್. ಟಿವಿ ರೇಟಿಂಗ್ ಕಡಿಮೆ. ನಿಂತುಹೋಗುವ ಸೀರಿಯಲ್‌ಗಳ ಸಾಲಿನಲ್ಲಿ ಅದರ ಹೆಸರೂ ಓಡಾಡುತ್ತಿತ್ತು.

ಐಟ್ಯೂನ್ಸ್‌ಗೆ ಬಂದ ಮೇಲೆ ಚಿತ್ರ ಬದಲಾಯಿತು. ಹೆಚ್ಚು ಮಾರಾಟವಾಗುವ ಎಪಿಸೋಡ್‌ಗಳ ಪಟ್ಟಿಯಲ್ಲಿ ಅದು ಮೇಲಕ್ಕೆ ಹತ್ತಿತು. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಆ ಕ್ರಿಸ್‌ಮಸ್‌ಗೆ ಐಪಾಡ್ ಉಡುಗೊರೆ ಪಡೆದವರಲ್ಲಿ ಹರೆಯದವರು, ಆಫೀಸಿನಲ್ಲಿ ಕೆಲಸ ಮಾಡುವವರು ಇದ್ದರು. ಅವರ ಬದುಕಿನದೇ ಕತೆ ಆ ಸೀರಿಯಲ್‌ನಲ್ಲಿತ್ತು. ಗುರುವಾರ ರಾತ್ರಿ ಮನೆಯಲ್ಲಿ ಟಿವಿ ಮುಂದೆ ಕೂರದೆ ಇದ್ದವರು ಶುಕ್ರವಾರ ಬೆಳಿಗ್ಗೆ ರೈಲಿನಲ್ಲಿ, ಬಸ್ಸಿನಲ್ಲಿ ನೋಡಿದರು. ರೇಟಿಂಗ್ ಯಂತ್ರ ಅವರನ್ನು ಎಣಿಸುತ್ತಿರಲಿಲ್ಲ. ಐಟ್ಯೂನ್ಸ್ ಎಣಿಸಿತು. ಐಟ್ಯೂನ್ಸ್ ಇಲ್ಲದಿದ್ದರೆ ಸೀರಿಯಲ್ ಉಳಿಯುತ್ತಿತ್ತೋ ಇಲ್ಲವೋ ಅಂತ ಎನ್‌ಬಿಸಿಯ ಸ್ಟುಡಿಯೊ ಕಡೆಯವರೇ ಆಗ ಹೇಳಿದ್ದರು. ಆ ಸೀರಿಯಲ್ 2013ರವರೆಗೆ ಓಡಿತು.

ಹೀಗೆ ಒಬ್ಬರಿಂದ ಒಬ್ಬರಿಗೆ ಲಾಭ ಆಗಿತ್ತು. ಚಾನೆಲ್‌ಗೆ ಕಾಣದಿದ್ದ ಪ್ರೇಕ್ಷಕರು ಕಂಡರು. ಆ್ಯಪಲ್‌ಗೆ ಐಪಾಡ್ ಮಾರಲು ಒಂದು ನೆಪ ಸಿಕ್ಕಿತು. ಇಷ್ಟಾದರೂ ಯಾಕೆ ಕೆಟ್ಟುಹೋಯಿತು?

2007ರ ಆಗಸ್ಟ್ 31

ಅಂದು ಆ್ಯಪಲ್ ಹೊರಡಿಸಿದ ಪ್ರಕಟಣೆ ನೇರವಾಗಿತ್ತು. ಸೆಪ್ಟೆಂಬರ್‌ನಲ್ಲಿ ಶುರುವಾಗುವ ಹೊಸ ಸೀಸನ್‌ನ ಎನ್‌ಬಿಸಿ ಸೀರಿಯಲ್‌ಗಳನ್ನು ನಾವು ಮಾರುವುದಿಲ್ಲ. ಎನ್‌ಬಿಸಿ ಸಗಟು ಬೆಲೆಯನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಲು ಕೇಳಿತು. ಒಪ್ಪಿದ್ದರೆ ಗಿರಾಕಿಗೆ ಒಂದು ಎಪಿಸೋಡ್ 4.99 ಡಾಲರ್ ಆಗುತ್ತಿತ್ತು. ನಾವು ಒಪ್ಪಲಿಲ್ಲ, ಅವರು ಒಪ್ಪಂದ ಮುಂದುವರಿಸಲಿಲ್ಲ. ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ. ಸೀಸನ್ ಅರ್ಧಕ್ಕೆ ನಿಂತು ಗಿರಾಕಿಗೆ ತೊಂದರೆ ಆಗಬಾರದು, ಆದ್ದರಿಂದ ಶುರು ಮಾಡುವುದೇ ಬೇಡ. ಇದು ಆ್ಯಪಲ್ ಹೇಳಿದ ಕತೆ. ಐಟ್ಯೂನ್ಸ್‌ನ ಟಿವಿ ಮಾರಾಟದಲ್ಲಿ ನೂರಕ್ಕೆ 30 ಪಾಲು ಎನ್‌ಬಿಸಿಯದು ಅಂತಲೂ ಅದೇ ಪ್ರಕಟಣೆ ಒಪ್ಪಿಕೊಂಡಿತ್ತು.

ಎನ್‌ಬಿಸಿ ಇದನ್ನು ಅಲ್ಲಗಳೆಯಿತು. ಎರಡು ಪಟ್ಟು ಮಾಡಿ ಅಂತ ನಾವು ಕೇಳಲೇ ಇಲ್ಲ, ಬೆಲೆಯನ್ನು ಹಿಂದೆ ಮುಂದೆ ಮಾಡುವ ಸ್ವಾತಂತ್ರ್ಯ ಕೇಳಿದೆವು, ಕೆಲವು ಸೀರಿಯಲ್‌ಗಳನ್ನು ಒಟ್ಟಿಗೆ ಕಟ್ಟಿ ಮಾರಲು ಬಿಡಿ ಅಂದೆವು ಅಂತ ಹೇಳಿತು. ಕಳ್ಳ ಪ್ರತಿಗಳನ್ನು ತಡೆಯಲು ಬಿಗಿ ಕ್ರಮವನ್ನೂ ಕೇಳಿತ್ತು. ಎರಡು ತಿಂಗಳ ನಂತರ ಎನ್‌ಬಿಸಿಯ ಒಡೆಯ ಕಂಪನಿ ಎನ್‌ಬಿಸಿ ಯೂನಿವರ್ಸಲ್‌ನ ಮುಖ್ಯಸ್ಥ ಜೆಫ್ ಝಕರ್ ಇನ್ನೂ ಬಿಚ್ಚಿ ಮಾತಾಡಿದರು. ಯಾವುದಾದರೂ ಒಂದೇ ಒಂದು ಸೀರಿಯಲ್‌ಗೆ 2.99 ಇಟ್ಟು ನೋಡೋಣ ಅಂದರೂ ಆ್ಯಪಲ್ ಒಪ್ಪಲಿಲ್ಲ ಅಂದರು. ನಮ್ಮ ಸೀರಿಯಲ್‌ಗಳ ಬಲದಿಂದ ಅವರು ಯಂತ್ರ ಮಾರಿ ದುಡ್ಡು ಮಾಡುತ್ತಿದ್ದಾರೆ, ಅದರಲ್ಲಿ ನಮಗೂ ಪಾಲು ಬೇಕು ಅಂತ ಕೇಳಿದ್ದೆವು ಅಂದರು. ಕೊನೆಯ ವರ್ಷ ಐಟ್ಯೂನ್ಸ್‌ನಿಂದ ತಮಗೆ ಬಂದದ್ದು ಸುಮಾರು 1.5 ಕೋಟಿ ಡಾಲರ್ ಅಂತ ಲೆಕ್ಕ ಕೊಟ್ಟರು. ನಮಗೆ ಇದು ದೊಡ್ಡ ಮೊತ್ತ ಅನ್ನಿಸಬಹುದು. ಅಮೆರಿಕದ ಒಂದು ದೊಡ್ಡ ಚಾನೆಲ್‌ನ ಜಾಹೀರಾತಿನ ಆದಾಯದ ಮುಂದೆ ಅದು ಚಿಲ್ಲರೆ.

ಎರಡೂ ಕಡೆಗೆ ನ್ಯಾಯದ ಒಂದು ಎಳೆ ಇತ್ತು ಅಂತ ನನಗೆ ಅನಿಸುತ್ತದೆ. ಎನ್‌ಬಿಸಿಯ ಭಯ ಸುಳ್ಳಲ್ಲ. ಸಂಗೀತದ ಕಂಪನಿಗಳು ಒಂದು ಹಾಡಿಗೆ 99 ಸೆಂಟ್ ಅನ್ನುವ ಒಂದೇ ಬೆಲೆಗೆ ಸಿಕ್ಕಿಕೊಂಡಿದ್ದವು. ಬೆಲೆ ಇಡುವ ಅಧಿಕಾರ ಅಂಗಡಿಯವನ ಕೈಗೆ ಹೋಗಿತ್ತು. ಆ ವರ್ಷದ ಜುಲೈನಲ್ಲಿ ಯೂನಿವರ್ಸಲ್ ಮ್ಯೂಸಿಕ್ ಕೂಡ ಆ್ಯಪಲ್ ಜೊತೆಗಿನ ದೀರ್ಘ ಒಪ್ಪಂದ ಮುಂದುವರಿಸಲು ಒಪ್ಪಿರಲಿಲ್ಲ. ನಮಗೂ ಹಾಗೇ ಆಗುತ್ತದೆ ಅಂತ ಟಿವಿಯವರಿಗೆ ಅನಿಸಿದ್ದು ಸಹಜ.

ಆದರೆ ಲೆಕ್ಕ ಹಾಕಿ ನೋಡಿ. 22 ಎಪಿಸೋಡ್‌ಗಳ ಒಂದು ಸೀಸನ್. 1.99ರಂತೆ 43.78 ಡಾಲರ್. 4.99 ಆದರೆ 109.78 ಡಾಲರ್. ಅದೇ ಸೀಸನ್‌ನ ಡಿವಿಡಿ ಪೆಟ್ಟಿಗೆ ಆಗ ಸಾಮಾನ್ಯವಾಗಿ 40ರಿಂದ 60 ಡಾಲರ್‌ಗೆ ಸಿಗುತ್ತಿತ್ತು. ಡಿವಿಡಿಯ ಚಿತ್ರ ಎಷ್ಟೋ ಚೆನ್ನಾಗಿರುತ್ತಿತ್ತು, ಸ್ನೇಹಿತರಿಗೆ ಕೊಡಬಹುದಿತ್ತು, ಹಳೆಯದಾದರೆ ಮಾರಬಹುದಿತ್ತು. ಬೀಗ ಹಾಕಿದ ಫೈಲಿಗೆ ಅದರ ಎರಡು ಪಟ್ಟು ಕೊಡುವವರು ಯಾರು? 4.99 ಅನ್ನುವ ಅಂಕಿ ಆ್ಯಪಲ್ ಹೇಳಿದ್ದು, ಎನ್‌ಬಿಸಿ ಒಪ್ಪಿಕೊಂಡದ್ದಲ್ಲ. ಅದನ್ನು ಬಿಟ್ಟರೂ ನನ್ನ ಅನಿಸಿಕೆ ಬದಲಾಗುವುದಿಲ್ಲ. ಬೆಲೆಯ ಬಗ್ಗೆ ಮಾತಾಡುತ್ತಾ ಅಂಗಡಿಯಲ್ಲೇ ಉಳಿದಿರಬೇಕಿತ್ತು. ಸರಕನ್ನು ಎತ್ತಿಕೊಂಡು ಹೊರಟದ್ದು ತಪ್ಪು.

ರೈಲಿನ ಹುಡುಗನ ಮುಂದಿದ್ದ ದಾರಿಗಳು

2007ರ ಸೆಪ್ಟೆಂಬರ್ ಕೊನೆಯ ವಾರ 'ದಿ ಆಫೀಸ್'ನ ನಾಲ್ಕನೇ ಸೀಸನ್ ಶುರುವಾಯಿತು. ನಮ್ಮ ಹುಡುಗ ಎಂದಿನಂತೆ ಐಟ್ಯೂನ್ಸ್ ತೆರೆದ ಅಂತ ಇಟ್ಟುಕೊಳ್ಳಿ. ಹಳೆಯ ಸೀಸನ್‌ಗಳಿವೆ, ಹೊಸದಿಲ್ಲ. ಅವನ ಹತ್ತಿರ ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಮತ್ತು ಐಪಾಡ್ ಇವೆ. ಅವನು ಏನು ಮಾಡಬಹುದಿತ್ತು?

ಎನ್‌ಬಿಸಿ ತನ್ನ ಸೀರಿಯಲ್‌ಗಳನ್ನು ಕೆಲವೇ ದಿನದಲ್ಲಿ ಅಮೆಜಾನ್‌ನ 'ಅನ್‌ಬಾಕ್ಸ್' ಅಂಗಡಿಗೆ ಕೊಟ್ಟಿತು. ಬೆಲೆ ಅಲ್ಲೂ 1.99! ಇಡೀ ಸೀಸನ್ ಕೊಂಡರೆ ಇನ್ನೂ ಕಡಿಮೆ. ಆದರೆ ಅನ್‌ಬಾಕ್ಸ್ ಫೈಲು ಮ್ಯಾಕ್‌ನಲ್ಲಿ ಓಡುತ್ತಿರಲಿಲ್ಲ, ಐಪಾಡಿನಲ್ಲಂತೂ ಇಲ್ಲವೇ ಇಲ್ಲ. ಆಗ ಜನರ ಜೇಬಿನಲ್ಲಿದ್ದ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಐಪಾಡ್‌ಗಳೇ.

ಎರಡನೆಯದು 'ಎನ್‌ಬಿಸಿ ಡೈರೆಕ್ಟ್'. ಸೆಪ್ಟೆಂಬರ್‌ನಲ್ಲಿ ಘೋಷಣೆಯಾಗಿ ನವೆಂಬರ್‌ನಲ್ಲಿ ಪ್ರಯೋಗಕ್ಕೆ ಬಂತು. ಬಿಟ್ಟಿ ಡೌನ್‌ಲೋಡ್, ಜಾಹೀರಾತಿನ ಜೊತೆ. ವಿಂಡೋಸ್ ಕಂಪ್ಯೂಟರ್‌ಗೆ ಮಾತ್ರ. ಏಳು ದಿನ ಆದ ಮೇಲೆ ಫೈಲು ತೆರೆಯುವುದಿಲ್ಲ. ಒಂದು ಮಾತು ಇಲ್ಲಿ ಹೇಳಲೇಬೇಕು. ಇವತ್ತು ನಮ್ಮ ಮೊಬೈಲಿನ ಒಟಿಟಿ ಆ್ಯಪ್‌ಗಳಲ್ಲಿರುವ ಡೌನ್‌ಲೋಡ್ ಗುಂಡಿ ಬಹುಮಟ್ಟಿಗೆ ಇದರ ಹಾಗೇ ಕೆಲಸ ಮಾಡುತ್ತದೆ. ಇಳಿಸಿಕೊಳ್ಳಬಹುದು, ಆ್ಯಪ್ ಒಳಗೇ ನೋಡಬೇಕು, ಇಷ್ಟು ದಿನಕ್ಕೆ ಅಳಿಸಿಹೋಗುತ್ತದೆ. ಯೋಚನೆ ಕಾಲಕ್ಕಿಂತ ಮುಂದಿತ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಯಂತ್ರ ಮಾತ್ರ ಇರಲಿಲ್ಲ.

ಮೂರನೆಯದು 'ಹುಲು'. ಎನ್‌ಬಿಸಿ ಯೂನಿವರ್ಸಲ್ ಮತ್ತು ನ್ಯೂಸ್ ಕಾರ್ಪ್ ಸೇರಿ ಕಟ್ಟಿದ ತಾಣ. ಅಕ್ಟೋಬರ್ ಕೊನೆಗೆ ಆಯ್ದ ಜನರಿಗೆ, 2008ರ ಮಾರ್ಚ್ 12ಕ್ಕೆ ಎಲ್ಲರಿಗೂ ತೆರೆಯಿತು. ಚೆನ್ನಾಗಿತ್ತು, ಬಿಟ್ಟಿ ಬೇರೆ. ಆದರೆ ನೋಡುತ್ತಿರುವಷ್ಟು ಹೊತ್ತೂ ಇಂಟರ್‌ನೆಟ್ ಬೇಕು. ಮೇಜಿನ ಮುಂದೆ ಕೂತವನಿಗೆ ಸರಿ, ರೈಲಿನಲ್ಲಿ ಕೂತವನಿಗೆ ಅಲ್ಲ.

ನಾಲ್ಕನೆಯದು ಟೊರೆಂಟ್, ಜನ ತಮ್ಮ ಕಂಪ್ಯೂಟರ್‌ಗಳಿಂದ ಒಬ್ಬರಿಗೊಬ್ಬರು ಫೈಲು ಹಂಚಿಕೊಳ್ಳುವ ದಾರಿ. ಅಲ್ಲಿ ಮ್ಯಾಕ್, ವಿಂಡೋಸ್ ಅನ್ನುವ ಭೇದ ಇಲ್ಲ. ಬೀಗ ಇಲ್ಲ. ಸ್ವಲ್ಪ ಕಲಿತರೆ ಐಪಾಡಿಗೂ ಹಾಕಿಕೊಳ್ಳಬಹುದು. ಕಾನೂನಿಗೆ ವಿರುದ್ಧ, ಅಷ್ಟೇ.

ಈ ಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅವನ ಐಪಾಡಿನಲ್ಲಿ ಓಡುವ ಫೈಲನ್ನು ಕೊಡುತ್ತಿದ್ದವರು ಕಳ್ಳ ದಾರಿಯವರು ಮಾತ್ರ.

ಅದೇ ಆಗಸ್ಟ್‌ನಲ್ಲಿ ನಡೆದ ಇನ್ನೊಂದು ಸಂಗತಿಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಗೂಗಲ್ 2006ರ ಜನವರಿಯಲ್ಲಿ ವಿಡಿಯೊ ಮಾರುವ ಅಂಗಡಿ ಶುರು ಮಾಡಿತ್ತು. ಸಿಬಿಎಸ್ ಚಾನೆಲ್‌ನ ಸೀರಿಯಲ್‌ಗಳು ಅಲ್ಲಿ 1.99ಕ್ಕೆ ಸಿಗುತ್ತಿದ್ದವು. 2007ರ ಆಗಸ್ಟ್ 15ಕ್ಕೆ ಆ ಅಂಗಡಿ ಮುಚ್ಚಿತು. ಮುಚ್ಚಿದ್ದು ಅಂಗಡಿಯನ್ನು ಮಾತ್ರವಲ್ಲ. ಜನ ದುಡ್ಡು ಕೊಟ್ಟು ಕೊಂಡಿದ್ದ ವಿಡಿಯೊಗಳೂ ಇನ್ನು ಓಡುವುದಿಲ್ಲ ಅಂತ ಗೂಗಲ್ ಹೇಳಿತು. ಮೊದಲು ಗೂಗಲ್ ತನ್ನ ಪಾವತಿ ಸೇವೆಯ ಕೂಪನ್ ಕೊಡುತ್ತೇವೆ ಅಂದಿತು. ಜನ ಸಿಟ್ಟಾದ ಮೇಲೆ ಪೂರ್ತಿ ದುಡ್ಡು ವಾಪಸ್ ಕೊಟ್ಟಿತು. ಎರಡು ವಾರದ ಅಂತರದಲ್ಲಿ ಪ್ರಾಮಾಣಿಕ ಗಿರಾಕಿಗೆ ಎರಡು ಪೆಟ್ಟು ಬಿದ್ದ ಹಾಗಾಯಿತು. ಕೊಂಡದ್ದು ಉಳಿಯದೇ ಹೋಗಬಹುದು ಅಂತ ಒಂದು ಕಡೆ ಗೊತ್ತಾಯಿತು. ಕೊಳ್ಳಬೇಕು ಅಂದರೆ ಸಿಗದೇ ಹೋಗಬಹುದು ಅಂತ ಇನ್ನೊಂದು ಕಡೆ.

48,000ದ ಲೆಕ್ಕ

ಡಿಸೆಂಬರ್ ಬಂತು. ಹಳೆಯ ಸೀಸನ್‌ಗಳೂ ಐಟ್ಯೂನ್ಸ್‌ನಿಂದ ಹೊರಟುಹೋದವು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಇದೊಂದು ಒಳ್ಳೆಯ ಅವಕಾಶವಾಗಿ ಕಂಡಿತು. ಮೈಕೆಲ್ ಸ್ಮಿತ್, ರಾಹುಲ್ ತೆಲಂಗ್ ಮತ್ತು ಅವರ ಜೊತೆಗಾರ ಬ್ರೆಟ್ ಡ್ಯಾನಹರ್ ಮೊದಲಾದವರು ಕೂತು ಲೆಕ್ಕ ಹಾಕಿದರು. ಒಂದು ಚಾನೆಲ್‌ನ ಸರಕು ಒಂದೇ ದಿನ ಅಂಗಡಿಯಿಂದ ಮಾಯವಾಗಿದೆ. ಎಬಿಸಿ, ಸಿಬಿಎಸ್, ಫಾಕ್ಸ್ ಚಾನೆಲ್‌ಗಳದು ಅಲ್ಲೇ ಇದೆ. ಹಾಗಾದರೆ ಟೊರೆಂಟ್ ತಾಣಗಳಲ್ಲಿ ಎನ್‌ಬಿಸಿಯ ಡೌನ್‌ಲೋಡ್ ಎಷ್ಟು ಏರಿತು, ಬೇರೆಯವರದು ಎಷ್ಟು ಏರಿತು ಅಂತ ಹೋಲಿಸಿದರೆ ಬಾಗಿಲು ಹಾಕಿದ್ದರ ಪರಿಣಾಮ ಗೊತ್ತಾಗುತ್ತದೆ. ಅವರ ಬರಹ 2010ರಲ್ಲಿ ಪ್ರಕಟವಾಯಿತು.

ಎನ್‌ಬಿಸಿಯ ಕಳ್ಳ ಡೌನ್‌ಲೋಡ್ 11.4 ಶೇಕಡ ಜಾಸ್ತಿಯಾಗಿತ್ತು. ಅಂದರೆ ದಿನಕ್ಕೆ ಸುಮಾರು 48,000 ಡೌನ್‌ಲೋಡ್ ಹೆಚ್ಚು. ಇದರಲ್ಲಿ ಗಮನಿಸಬೇಕಾದ ಮಾತು ಬೇರೆಯೇ ಇದೆ. ತೆಗೆಯುವ ಮುಂಚೆ ಅದೇ ಎಪಿಸೋಡ್‌ಗಳನ್ನು ಐಟ್ಯೂನ್ಸ್‌ನಲ್ಲಿ ಜನ ಎಷ್ಟು ಕೊಳ್ಳುತ್ತಿದ್ದರೋ, ಅದರ ಹೆಚ್ಚುಕಡಿಮೆ ಎರಡು ಪಟ್ಟು ಈ 48,000.

ಯಾಕೆ ಎರಡು ಪಟ್ಟು? ಮೊದಲ ಸಲ ಓದಿದಾಗ ನನಗೂ ಇದು ಅರ್ಥವಾಗಿರಲಿಲ್ಲ. ಕೊಳ್ಳುತ್ತಿದ್ದವರೆಲ್ಲ ಟೊರೆಂಟ್‌ಗೆ ಹೋದರೂ ಲೆಕ್ಕ ಸಮ ಆಗಬೇಕಲ್ವಾ? ಸಂಶೋಧಕರು ಕೊಡುವ ವಿವರಣೆ ಮನಸ್ಸಿಗೆ ಒಪ್ಪುತ್ತದೆ. ಕದ್ದು ಇಳಿಸಿಕೊಳ್ಳುವುದಕ್ಕೂ ಒಂದು ಖರ್ಚು ಇದೆ. ಅದು ದುಡ್ಡಿನ ಖರ್ಚಲ್ಲ, ಕಲಿಯುವ ಖರ್ಚು. ಯಾವ ತಾಣ, ಯಾವ ಸಾಫ್ಟ್‌ವೇರ್, ಯಾವ ಫೈಲು ನಂಬಬಹುದು ಅಂತ ತಿಳಿದುಕೊಳ್ಳಬೇಕು. ಇದು ಒಂದೇ ಸಲದ ಖರ್ಚು. ಒಮ್ಮೆ ಕಲಿತರೆ ಮುಂದಿನ ಎಪಿಸೋಡಿಗೆ ಕಷ್ಟವೂ ಇಲ್ಲ, ದುಡ್ಡೂ ಇಲ್ಲ. ಒಂದು ಎಪಿಸೋಡ್ ಕೊಳ್ಳುತ್ತಿದ್ದವನು ಮೂರು ಇಳಿಸಿಕೊಳ್ಳುತ್ತಾನೆ. ಎನ್‌ಬಿಸಿ ಬಿಟ್ಟುಹೋದ ಹೊತ್ತಿಗೆ ಎಬಿಸಿ, ಸಿಬಿಎಸ್, ಫಾಕ್ಸ್ ಸೀರಿಯಲ್‌ಗಳ ಕಳ್ಳ ಡೌನ್‌ಲೋಡ್ ಕೂಡ ಸ್ವಲ್ಪ ಏರಿತ್ತು. ಅವು ಐಟ್ಯೂನ್ಸ್‌ನಲ್ಲಿ ಸಿಗುತ್ತಲೇ ಇದ್ದವು! ದಾರಿ ಕಲಿತವರು ಅಲ್ಲೂ ಕೈ ಹಾಕಿದರು.

ಈ ಮಾತು ಕರ್ನಾಟಕದಲ್ಲಿ ಬೆಳೆದ ನಮಗೆ ಹೊಸದಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ನೆನಪಿಸಿಕೊಳ್ಳಿ. ಮೆಮೊರಿ ಕಾರ್ಡ್ ಕೊಟ್ಟರೆ ಹಾಡು, ಸಿನಿಮಾ ತುಂಬಿಸಿ ಕೊಡುತ್ತಿದ್ದರು. ಹತ್ತಿಪ್ಪತ್ತು ರೂಪಾಯಿ. ಜನ ಅಲ್ಲಿ ದುಡ್ಡು ಕೊಡುತ್ತಿದ್ದರು ಅನ್ನುವುದನ್ನು ಮರೆಯಬಾರದು. ತಮ್ಮ ಮೊಬೈಲಿನಲ್ಲಿ ಓಡುವ ಫೈಲು, ಕೈಗೆ ಸಿಗುವ ಜಾಗದಲ್ಲಿ, ಕೈಗೆಟುಕುವ ಬೆಲೆಗೆ ಬೇಕಿತ್ತು. ಕಾನೂನಿನ ದಾರಿಯಲ್ಲಿ ಅದನ್ನು ಕೊಡುವವರು ಇರಲಿಲ್ಲ. ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದದ್ದೇ 2012ರ ಡಿಸೆಂಬರ್‌ನಲ್ಲಿ. ಹಾಡು ತಂದಿತು, ಸಿನಿಮಾ ತಂದಿತು, ಟಿವಿ ಸೀರಿಯಲ್ ತರಲಿಲ್ಲ. ಒಂದೊಂದು ಎಪಿಸೋಡನ್ನು ಕೊಂಡು ಇಟ್ಟುಕೊಳ್ಳುವ ಕಾಲವೇ ನಮ್ಮ ಸೀರಿಯಲ್ ನೋಡುಗರಿಗೆ ಬರಲಿಲ್ಲ. ಟಿವಿಯಿಂದ ಮೆಮೊರಿ ಕಾರ್ಡಿಗೆ, ಅಲ್ಲಿಂದ ನೇರ ಒಟಿಟಿ ಚಂದಾಕ್ಕೆ ಬಂದುಬಿಟ್ಟೆವು.

ಕಾರ್ನೆಗಿ ಮೆಲನ್‌ನವರು ಇನ್ನೊಂದನ್ನೂ ನೋಡಿದರು. ಐಟ್ಯೂನ್ಸ್ ಬಾಗಿಲು ಮುಚ್ಚಿದರೆ ಜನ ಡಿವಿಡಿ ಕೊಳ್ಳುತ್ತಾರಾ? ಚಾನೆಲ್‌ಗಳಿಗೆ ಆಗ ಡಿವಿಡಿ ಆದಾಯದ ಮೇಲೇ ಕಣ್ಣು. ಡೌನ್‌ಲೋಡ್ ಮಾರಾಟ ಅದನ್ನು ತಿಂದುಹಾಕುತ್ತದೆ ಅನ್ನುವ ಆತಂಕ ಇತ್ತು. ಅಮೆಜಾನ್‌ನಲ್ಲಿ ಎನ್‌ಬಿಸಿ ಡಿವಿಡಿಗಳ ಮಾರಾಟ ನೋಡಿದರೆ, ಯಾವ ಬದಲಾವಣೆಯೂ ಇಲ್ಲ. ಫೈಲು ಕೊಳ್ಳುತ್ತಿದ್ದವರು ಡಿವಿಡಿಯವರಲ್ಲ. ಅವರು ಬೇರೆಯೇ ಜನ. ರೈಲಿನವರು.

ಬರೆದವರ ಪಾಲು

ಇದೇ ಚಳಿಗಾಲದಲ್ಲಿ ಅಮೆರಿಕದ ಟಿವಿ ಮತ್ತು ಸಿನಿಮಾ ಬರಹಗಾರರು ಮುಷ್ಕರ ಹೂಡಿದರು. 2007ರ ನವೆಂಬರ್ 5ರಿಂದ 2008ರ ಫೆಬ್ರುವರಿ 12ರವರೆಗೆ. ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು ಇಂಟರ್‌ನೆಟ್ ಮಾರಾಟದ ಪಾಲು. ಅಲ್ಲಿಯವರೆಗೆ ಡೌನ್‌ಲೋಡ್‌ಗೂ ಹಳೆಯ ವಿಡಿಯೊ ಕ್ಯಾಸೆಟ್ ಕಾಲದ ಲೆಕ್ಕವನ್ನೇ ಹಾಕುತ್ತಿದ್ದರು. ಆದಾಯದ ನೂರಕ್ಕೆ 0.3 ಪಾಲು. ಅಂದರೆ 1.99 ಡಾಲರ್‌ನ ಎಪಿಸೋಡ್ ಮಾರಿದರೆ ಬರೆದವರಿಗೆ ಒಂದು ಸೆಂಟ್ ಕೂಡ ಸಿಗುತ್ತಿರಲಿಲ್ಲ. ಕ್ಯಾಸೆಟ್ ಅಚ್ಚು ಹಾಕುವ, ಸಾಗಿಸುವ ಖರ್ಚು ಫೈಲಿಗೆ ಇಲ್ಲ ಅನ್ನುವುದು ಬರಹಗಾರರ ವಾದ. ಮುಷ್ಕರ ಮುಗಿದಾಗ ಮೊದಲ ಒಂದು ಲಕ್ಷ ಡೌನ್‌ಲೋಡ್‌ವರೆಗೆ 0.36, ಅದರ ಮೇಲೆ 0.7 ಪಾಲು ಅಂತ ತೀರ್ಮಾನವಾಯಿತು.

ಆ್ಯಪಲ್ ಮತ್ತು ಎನ್‌ಬಿಸಿ ಎಷ್ಟು ಡಾಲರ್ ಅಂತ ಜಗಳ ಆಡುತ್ತಿದ್ದಾಗ, ಆ ಕತೆ ಬರೆದವರು ಬೀದಿಯಲ್ಲಿ ಫಲಕ ಹಿಡಿದು ಅರ್ಧ ಸೆಂಟಿನ ಬಗ್ಗೆ ಮಾತಾಡುತ್ತಿದ್ದರು. 'ದಿ ಆಫೀಸ್' ಬರೆದವರೂ ಅವರ ನಡುವೆ ಇದ್ದರು. ನವೆಂಬರ್ ಮಧ್ಯಕ್ಕೆ ಆ ಸೀರಿಯಲ್‌ನ ಹೊಸ ಎಪಿಸೋಡ್‌ಗಳು ನಿಂತವು. ಮತ್ತೆ ಶುರುವಾದದ್ದು ಏಪ್ರಿಲ್‌ನಲ್ಲಿ.

ವಾಪಸ್ ಬಂದದ್ದು

2008ರ ಸೆಪ್ಟೆಂಬರ್ 9ರಂದು ಎನ್‌ಬಿಸಿ ಐಟ್ಯೂನ್ಸ್‌ಗೆ ಮರಳಿತು. ಮಾಮೂಲಿ ಎಪಿಸೋಡಿಗೆ ಅದೇ 1.99. ಎಚ್‌ಡಿ ಬೇಕಾದರೆ 2.99. ಕೆಲವು ಹಳೆಯ ಸೀರಿಯಲ್‌ಗಳು 99 ಸೆಂಟ್. ಎಚ್‌ಡಿ ಬೆಲೆ ಎನ್‌ಬಿಸಿಗೆ ಮಾತ್ರವಲ್ಲ, ಬೇರೆ ಚಾನೆಲ್‌ಗಳಿಗೂ ಬಂತು. ಎನ್‌ಬಿಸಿ ನಮಗೆ ಬೆಲೆಯ ಸ್ವಾತಂತ್ರ್ಯ ಸಿಕ್ಕಿತು ಅಂತ ಹೇಳಿಕೊಳ್ಳಬಹುದಿತ್ತು. ಆ್ಯಪಲ್ 1.99 ಅಲುಗಾಡಲಿಲ್ಲ ಅಂತ ಹೇಳಿಕೊಳ್ಳಬಹುದಿತ್ತು.

ಅಕ್ಟೋಬರ್ ಮಧ್ಯಕ್ಕೆ ಆ್ಯಪಲ್ ಕೊಟ್ಟ ಲೆಕ್ಕ ಇನ್ನೂ ಕುತೂಹಲದ್ದು. ಅಲ್ಲಿಯವರೆಗೆ ಮಾರಿದ ಎಪಿಸೋಡ್‌ಗಳು 20 ಕೋಟಿ. ಅದರಲ್ಲಿ ಎಚ್‌ಡಿ ಹತ್ತು ಲಕ್ಷದ ಮೇಲೆ. ಎಚ್‌ಡಿ ಎಪಿಸೋಡ್‌ಗಳು ಬಂದು ಆಗ ಐದು ವಾರವಷ್ಟೇ ಆಗಿತ್ತು. ಒಂದು ಡಾಲರ್ ಜಾಸ್ತಿ ಕೊಡಲು ಜನ ತಯಾರಿದ್ದರು, ಆ ಡಾಲರ್‌ಗೆ ಕಣ್ಣಿಗೆ ಕಾಣುವ ಬದಲಾವಣೆ ಸಿಕ್ಕರೆ. ಝಕರ್ ಕೇಳಿದ್ದ 2.99 ಪ್ರಯೋಗ ತಪ್ಪಲ್ಲ ಅಂತ ನಾನು ಹೇಳುವುದು ಇದಕ್ಕೇ. ಅದನ್ನು ಅಂಗಡಿಯೊಳಗೆ ಮಾಡಲು ಒಂದು ವರ್ಷ ಹಿಡಿಯಿತು ಅನ್ನುವುದೇ ಸಂಕಟ. ಸಂಗೀತದಲ್ಲೂ ಆ್ಯಪಲ್ 2009ರ ಏಪ್ರಿಲ್‌ನಲ್ಲಿ 69, 99, 129 ಸೆಂಟ್ ಅಂತ ಮೂರು ಬೆಲೆ ಇಟ್ಟಿತು.

ಹಾಡುಗಳ ಬೀಗ ಅದೇ ವರ್ಷ ಕಳಚಿತು. ಟಿವಿ ಎಪಿಸೋಡ್‌ಗಳ ಬೀಗ ಕಳಚಲಿಲ್ಲ, ಇವತ್ತಿಗೂ ಇಲ್ಲ. ಅದರ ಫಲ 2023ರ ಡಿಸೆಂಬರ್‌ನಲ್ಲಿ ಮತ್ತೊಮ್ಮೆ ಕಂಡಿತು. ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಲ್ಲಿ ಡಿಸ್ಕವರಿಯ ಕಾರ್ಯಕ್ರಮ ಕೊಂಡವರಿಗೆ, ವರ್ಷದ ಕೊನೆಗೆ ಅವು ನಿಮ್ಮ ಸಂಗ್ರಹದಿಂದ ಹೋಗುತ್ತವೆ ಅಂತ ತಿಳಿಸಿತು. ಜನ ಗಲಾಟೆ ಮಾಡಿದರು. ಡಿಸ್ಕವರಿ ಜೊತೆ ಹೊಸ ಒಪ್ಪಂದ ಆಗಿ ಆ ನಿರ್ಧಾರ ವಾಪಸ್ ಆಯಿತು.

ನಮ್ಮ ರೈಲಿನ ಹುಡುಗ ಇರುವ ಕ್ಯಾಲಿಫೋರ್ನಿಯಾದಲ್ಲೇ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಗೆ ಬಂದಿದೆ. ಗಿರಾಕಿಗೆ ಸಿಗುವುದು ಬರೀ ನೋಡುವ ಪರವಾನಗಿ ಆಗಿದ್ದರೆ ಅಂಗಡಿಯವರು ಅದನ್ನು ಸ್ಪಷ್ಟವಾಗಿ ಹೇಳಬೇಕು. ಸುಮ್ನೆ 'ಕೊಳ್ಳಿ' ಅಂತ ಗುಂಡಿ ಇಡುವ ಹಾಗಿಲ್ಲ. ಅದರಲ್ಲಿ ಒಂದು ವಿನಾಯಿತಿ ಇದೆ. ಮಾರಿದವರು ಮತ್ತೆ ಕಿತ್ತುಕೊಳ್ಳಲು ಆಗದ ಹಾಗೆ, ಬೇರೆ ಡಿಸ್ಕಿಗೆ ಹಾಕಿಟ್ಟುಕೊಂಡು ಇಂಟರ್‌ನೆಟ್ ಇಲ್ಲದೆಯೂ ನೋಡಬಹುದಾದ ಫೈಲು ಕೊಟ್ಟರೆ, ಅವರು ಧೈರ್ಯವಾಗಿ 'ಕೊಳ್ಳಿ' ಅಂತ ಬರೆಯಬಹುದು.